ಓಸ್ಟಾಡೆಯ ಚಿತ್ರಗಳಲ್ಲಿನ ಹಳ್ಳಿಮನೆಗಳು ಕಂಡದ್ದೋ, ಕಟ್ಟಿದ್ದೋ?

ಪ್ರಶ್ನೆ

ನಮಸ್ಕಾರ. ಕೆಲಸದ ನಿಮಿತ್ತ ಮೂರು ವರ್ಷಗಳಿಂದ ನೆದರ್ಲೆಂಡ್ಸಿನ ಐಂಡ್‌ಹೋವನ್‌ನಲ್ಲಿದ್ದೇನೆ. ಈಚೆಗೆ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಮ್ಮಿಗೆ ಹೋಗಿದ್ದಾಗ, ರೆಂಬ್ರಾಂಟನ ಮುಂದಿನ ಜನಜಂಗುಳಿಯಿಂದ ಪಕ್ಕಕ್ಕೆ ಸರಿದವನಿಗೆ ಆಡ್ರಿಯಾನ್ ವಾನ್ ಓಸ್ಟಾಡೆ (1610–1685) ಎಂಬ, ಅದುವರೆಗೆ ಹೆಸರನ್ನೂ ಕೇಳಿರದ ಚಿತ್ರಕಾರನ ಕೃತಿಗಳು ಕಣ್ಣಿಗೆ ಬಿದ್ದವು. ಅಟ್ಟಕ್ಕೆ ಒರಗಿಸಿದ ಏಣಿ, ಬೆತ್ತದ ತೊಟ್ಟಿಲು, ಮುರುಕು ಮಣೆ, ಒಲೆಯ ಸುತ್ತ ಕುಳಿತ ಜನ. ಮನೆಗೆ ಬಂದು ಅವನ ಇನ್ನಷ್ಟು ಚಿತ್ರಗಳನ್ನು ಹುಡುಕಿ ನೋಡಿದಾಗ, ಆರಂಭದವುಗಳಲ್ಲಿ ರೈತರು ಕುಡಿದು ಬಡಿದಾಡುವುದನ್ನೂ ಕೊನೆಯವುಗಳಲ್ಲಿ ಅದೇ ರೈತರು ನೆಮ್ಮದಿಯಿಂದ ಪೈಪ್ ಸೇದುತ್ತ ಕುಳಿತಿರುವುದನ್ನೂ ಗಮನಿಸಿದೆ. ಇವು ಅವನು ಕಣ್ಣಾರೆ ಕಂಡ ಮನೆಗಳೇ? ಈ ಬದಲಾವಣೆಗೆ ಕಾರಣವೇನು?

ಉತ್ತರ 1

ನೀವಿರುವ ಊರಿಗೂ ಅವನ ಹೆಸರಿಗೂ ನಂಟಿದೆ. ಓಸ್ಟಾಡೆ ಎಂಬುದು ಐಂಡ್‌ಹೋವನ್ ಸಮೀಪದ ಒಂದು ಪುಟ್ಟ ಹಳ್ಳಿ. ನೇಕಾರನಾಗಿದ್ದ ತಂದೆ ಅಲ್ಲಿಂದ ಹಾರ್ಲೆಮ್ ನಗರಕ್ಕೆ ವಲಸೆ ಬಂದವನು. ಮಕ್ಕಳು ಆ ಹಳ್ಳಿಯ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡರು. ಆದರೆ ಆಡ್ರಿಯಾನ್ ಹುಟ್ಟಿದ್ದು, ಬಾಳಿನ ಬಹುಭಾಗ ಕಳೆದದ್ದು, ಸತ್ತದ್ದು ಎಲ್ಲವೂ ಹಾರ್ಲೆಮ್‌ನಲ್ಲಿಯೇ. ಆದುದರಿಂದ ಅವನು ನಗರದ ಕೊಳ್ಳುಗರಿಗಾಗಿ ಹಳ್ಳಿಯನ್ನು ಚಿತ್ರಿಸಿದ ನಗರವಾಸಿ ಎಂಬುದನ್ನು ಮರೆಯಬಾರದು.

ಆರಂಭದ ಬಡಿದಾಟಗಳಲ್ಲಿ, ಅವನ ಸಮಕಾಲೀನ ಚಿತ್ರಕಾರ ಆಡ್ರಿಯಾನ್ ಬ್ರೌವರನ ಪ್ರಭಾವ ಎದ್ದು ಕಾಣುತ್ತದೆ. ಇಬ್ಬರೂ ಹಾರ್ಲೆಮ್‌ನ ಹಿರಿಯ ಚಿತ್ರಕಾರ ಫ್ರಾನ್ಸ್ ಹಾಲ್ಸನ ಬಳಿ ಕಲಿತರೆಂದು ಹಳೆಯ ಜೀವನಚರಿತ್ರೆಗಳು ಹೇಳುತ್ತವೆ. ಒರಟು ರೈತನನ್ನು ನೋಡಿ ನಗುವುದು ಅಂದಿನ ಪೇಟೆಯವರ ರುಚಿಗೆ ಒಪ್ಪುತ್ತಿತ್ತು. 1640ರ ಸುಮಾರಿಗೆ ರೆಂಬ್ರಾಂಟನ ನೆರಳುಬೆಳಕಿನ ಪ್ರಭಾವ ಸೇರಿಕೊಂಡು, ತಣ್ಣನೆಯ ಬೂದು ಬಣ್ಣಗಳ ಜಾಗಕ್ಕೆ ಬೆಚ್ಚನೆಯ ಹೊಂಗಂದು ಬಂತು. ಎತ್ತರದ ಕಿಟಕಿಯಿಂದ ಇಳಿದ ಬೆಳಕು ಕೋಣೆಯ ಒಂದೇ ಮೂಲೆಯನ್ನು ತೋರಿಸಿ ಉಳಿದುದನ್ನು ಕತ್ತಲಿಗೆ ಬಿಟ್ಟಾಗ, ಬಡಿದಾಟಕ್ಕಿಂತ ಸುಮ್ಮನೆ ಕುಳಿತಿರುವವರೇ ಚಿತ್ರಕ್ಕೆ ಹೊಂದುತ್ತಾರೆ. ಹಾಗಾಗಿ ಮನುಷ್ಯರ ಸ್ವಭಾವಕ್ಕಿಂತ ಮೊದಲು ಬೆಳಕು ಬದಲಾಯಿತು ಎಂದು ನನ್ನ ಅನಿಸಿಕೆ. 1657ರಲ್ಲಿ ಅನುಕೂಲಸ್ಥ ಮನೆತನದ ಹೆಣ್ಣನ್ನು ಎರಡನೆಯ ಮದುವೆಯಾದ ಮೇಲೆ ಚಿತ್ರಗಳೂ ಸಭ್ಯವಾದವು ಎಂಬ ವಿವರಣೆಯನ್ನು ನಾನು ನಂಬುವುದಿಲ್ಲ. ಬದಲಾವಣೆ ಅದಕ್ಕಿಂತ ಬಹಳ ಮೊದಲೇ ಶುರುವಾಗಿತ್ತು.

ಉತ್ತರ 2

ಮೇಲಿನವರ ಮಾತಿಗೆ ಒಂದು ಪುರಾವೆ ಸೇರಿಸುತ್ತೇನೆ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಓಸ್ಟಾಡೆಯ 1663ರ ಒಂದು ಚಿತ್ರವಿದೆ. ಚಿತ್ರಕಾರ ನಮಗೆ ಬೆನ್ನು ಹಾಕಿ, ಕಿಟಕಿಯ ಬಳಿ ಈಸೆಲ್ ಮುಂದೆ ಕುಳಿತಿದ್ದಾನೆ. ಹಿಂದೆ ಸಹಾಯಕರು ಬಣ್ಣ ಅರೆಯುತ್ತಿದ್ದಾರೆ. ಆ ಕೋಣೆ ಅವನ ರೈತರ ಕೋಣೆಗಳಷ್ಟೇ ಹಾಳು ಸುರಿಯುತ್ತಿದೆ. ಅದರ ಹಿಂದಿನ ವರ್ಷವಷ್ಟೇ ಅವನು ಹಾರ್ಲೆಮ್ ಚಿತ್ರಕಾರರ ಸಂಘಕ್ಕೆ ಮುಖ್ಯಸ್ಥನಾಗಿದ್ದವನು, ಹಣಕಾಸಿಗೆ ಕೊರತೆಯಿಲ್ಲದವನು. ಚಿತ್ರಕಾರನ ಕೋಣೆಗೂ ಅದೇ ಮುರುಕು ಸಾಮಾನು ಜೋಡಿಸಿದವನು ರೈತನ ಮನೆಯನ್ನು ಇದ್ದಂತೆಯೇ ನಕಲು ಮಾಡಿದನೆಂದು ಹೇಗೆ ಒಪ್ಪಲಿ? ಸಾಮಾನುಗಳು ನಿಜ, ಕೋಣೆ ಕಟ್ಟಿದ್ದು.

ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ 1661ರ ರಸವಾದಿಯ ಚಿತ್ರವನ್ನೂ ನೋಡಿ. ಒಬ್ಬಾತ ಚಿನ್ನ ಮಾಡುವ ಹುಚ್ಚಿನಲ್ಲಿ ತಿದಿ ಒತ್ತುತ್ತಿದ್ದಾನೆ. ಸುತ್ತ ಮಡಕೆಕುಡಿಕೆಗಳು ಚೆಲ್ಲಾಪಿಲ್ಲಿಯಾಗಿವೆ, ಹಿಂದಿನ ಮಬ್ಬಿನಲ್ಲಿ ಹೆಂಡತಿ, ಮಕ್ಕಳು. ನೆಲದ ಮೇಲೆ ಬಿದ್ದ ಕಾಗದದಲ್ಲಿ ಲ್ಯಾಟಿನ್ ಮಾತೊಂದಿದೆ: ಎಣ್ಣೆಯೂ ದಂಡ, ದುಡಿಮೆಯೂ ದಂಡ ಎಂಬರ್ಥದ್ದು. ನಮ್ಮವರಾದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎನ್ನುತ್ತಿದ್ದರು. ಲ್ಯಾಟಿನ್ ಓದಬಲ್ಲ ಕೊಳ್ಳುಗನಿಗೇ ಆ ಕಾಗದ ಇಟ್ಟದ್ದು ಎಂಬುದು ಸ್ಪಷ್ಟ.

ಉತ್ತರ 3

ಕಟ್ಟಿದ್ದು ಎಂಬ ಮಾತ್ರಕ್ಕೆ ಪ್ರೀತಿಯಿಲ್ಲದೆ ಕಟ್ಟಿದ್ದು ಎಂದಾಗುವುದಿಲ್ಲ. ನಾನು ಎಚ್ಚಿಂಗ್ ಮಾಡುವವಳು. ಓಸ್ಟಾಡೆಯನ್ನು ಅವನ ಅಚ್ಚುಚಿತ್ರಗಳಿಂದಲೇ ಬಲ್ಲೆ. ಅವು ಸುಮಾರು 50 ಇವೆ. ತಾಮ್ರದ ತಗಡಿಗೆ ಮೇಣದ ಲೇಪ ಬಳಿದು, ಸೂಜಿಯಿಂದ ಗೀರಿ, ಆಸಿಡ್‌ನಲ್ಲಿ ಅದ್ದಿದರೆ ಗೀರು ಬಿದ್ದಲ್ಲಿ ಮಾತ್ರ ತಾಮ್ರ ಕರಗುತ್ತದೆ. ಆ ಗೀರಿನಲ್ಲಿ ನಿಂತ ಶಾಯಿಯೇ ಕಾಗದಕ್ಕೆ ಇಳಿಯುವುದು. ಕತ್ತಲ ಕೋಣೆ ಬೇಕಾದರೆ ಗೆರೆಯ ಮೇಲೆ ಗೆರೆ ಅಡ್ಡಡ್ಡ ಎಳೆಯುತ್ತ ಹೋಗಬೇಕು, ಕಾಗದದ ಬಿಳುಪನ್ನು ಬೆಳಕಿಗಾಗಿ ಕಾಯ್ದಿಡಬೇಕು. ಊಟಕ್ಕೆ ಮುನ್ನ ಸಂಸಾರವೊಂದು ಪ್ರಾರ್ಥಿಸುವ 1653ರ ಚಿತ್ರದಲ್ಲಿ ಗೇಲಿಯ ಸುಳಿವೂ ಇಲ್ಲ. ಕೈಯಲ್ಲಿ ಸೂಜಿ ಹಿಡಿದವಳಾಗಿ ಹೇಳುತ್ತೇನೆ, ಗೇಲಿ ಮಾಡಲು ಅಷ್ಟು ಗೆರೆಗಳನ್ನು ಯಾರೂ ಎಳೆಯುವುದಿಲ್ಲ.

ಅಂದಹಾಗೆ, ಅಚ್ಚಿನಲ್ಲಿ ಎಡಬಲ ಅದಲುಬದಲಾಗುತ್ತದೆ. ಕಿಟಕಿ ಯಾವ ಕಡೆಯಿದೆ ಎಂದು ಲೆಕ್ಕ ಹಾಕುವಾಗ ನೆನಪಿರಲಿ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಬಡಿದಾಟದಿಂದ ನೆಮ್ಮದಿಗೆ ಬಂದದ್ದನ್ನು ನಾನು ರೈತರ ಬದುಕಿನ ಬದಲಾವಣೆಯೆಂದೇ ಓದಿಕೊಂಡಿದ್ದೆ. ಅದು ಅವಸರದ ಓದು ಎಂದು ಈಗ ಒಪ್ಪುತ್ತೇನೆ. ಎಡಬಲದ ಮಾತು ಓದಿದ ಕೂಡಲೇ, ಉಳಿಸಿಕೊಂಡಿದ್ದ ಅಚ್ಚುಚಿತ್ರಗಳನ್ನು ಮತ್ತೆ ತೆರೆದು, ಯಾರು ಯಾವ ಕೈಯಲ್ಲಿ ಲೋಟ ಹಿಡಿದಿದ್ದಾರೆ ಎಂದು ಎಣಿಸುತ್ತ ಕುಳಿತಿದ್ದೇನೆ.