ಟಿಪಿಎನ್ ನಡೆಯುವಾಗ ಟ್ಯಾಕ್ರೊಲಿಮಸ್ ಲೆವೆಲ್: ಫಾರ್ಮಸಿಸ್ಟ್ ಮೇಡಂಗೆ ಕೇಳಿ (ಮುಂಬೈ ಕನ್ನಡಿಗರ ಗುಂಪು)

ಶಶಿಕಲಾ, ಡೊಂಬಿವಲಿ: ಮೇಡಂ, ಕಿಡ್ನಿ ಕಸಿಯಾದ ಭಾವನಿಗೆ ಕರುಳಿನ ಆಪರೇಶನ್ ಆಗಿದೆ. ಬಾಯಿಗೆ ಏನೂ ಇಲ್ಲ. ಕುತ್ತಿಗೆಯ ಲೈನಿನಲ್ಲಿ ಟಿಪಿಎನ್ (ರಕ್ತನಾಳದ ಮೂಲಕ ಕೊಡುವ ಪೂರ್ಣ ಆಹಾರ), ದೇಹ ಕಿಡ್ನಿಯನ್ನು ತಿರಸ್ಕರಿಸದಂತೆ ಕೊಡುವ ಟ್ಯಾಕ್ರೊಲಿಮಸ್ ಡ್ರಿಪ್ಪೂ ಅದರಲ್ಲೇ. ರಕ್ತದಲ್ಲಿ ನಿನ್ನೆ 8 ಇದ್ದ ಟ್ಯಾಕ್ರೊಲಿಮಸ್ ಲೆವೆಲ್ ಇವತ್ತು 31! ಟಿಪಿಎನ್‌ನ ಬಿಳಿ ಎಣ್ಣೆಯಿಂದಲಾ?

ಫಾರ್ಮಸಿಸ್ಟ್: ಎಣ್ಣೆಯನ್ನು ಆಮೇಲೆ ನೋಡೋಣ, ರಕ್ತ ಎಲ್ಲಿಂದ ತೆಗೆದರು ಕೇಳಿ. ಟ್ಯಾಕ್ರೊಲಿಮಸ್ ಕ್ಯಾಥೆಟರಿನ (ಆ ಲೈನಿನ ನಳಿಕೆಯ) ಒಳಗೋಡೆಗೆ ಅಂಟುತ್ತದೆ. ಔಷಧಿ ಹೋಗುವ ಲೈನಿನಿಂದಲೇ ರಕ್ತ ಎಳೆದರೆ, ಸಲೈನ್ ಹಾಯಿಸಿದ್ದರೂ, ಅಂಟಿದ್ದು ಸ್ಯಾಂಪಲ್ಲಿಗೆ ಬಂದು ಲೆವೆಲ್ ಸುಳ್ಳೇ ಏರುತ್ತದೆ. ಅದನ್ನು ನಂಬಿ ಡೋಸ್ ಇಳಿಸಿದರೆ ದೇಹ ಕಿಡ್ನಿಯನ್ನು ತಿರಸ್ಕರಿಸಬಹುದು. ಡ್ರಿಪ್ ಇಲ್ಲದ ಕೈಗೆ ಸೂಜಿ ಹಾಕಿ, ನೇರಳೆ ಮುಚ್ಚಳದ ಈಡಿಟಿಎ ಟ್ಯೂಬಿನಲ್ಲಿ ಮತ್ತೆ ಕಳಿಸಲು ಕಸಿ ತಂಡಕ್ಕೆ ಇವತ್ತೇ ಹೇಳಿ. ಕೈ ನಡುಗುತ್ತಿದ್ದರೆ, ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ ಏರಿದ್ದರೆ ಅದನ್ನೂ ತಿಳಿಸಿ.

ಕೈಯ ರಕ್ತದಲ್ಲೂ ಹೆಚ್ಚೇ ಬಂದರೆ ಡೋಸ್ ನೋಡಬೇಕು. ನುಂಗಿದ್ದರಲ್ಲಿ ಸುಮಾರು ಕಾಲು ಭಾಗವಷ್ಟೇ ರಕ್ತ ಸೇರುತ್ತದೆ, ಆದ್ದರಿಂದ ಡ್ರಿಪ್ಪಿಗೆ ಬಾಯಿಯ ಡೋಸಿನ ಮೂರನೇ ಒಂದರಿಂದ ಐದನೇ ಒಂದು ಭಾಗ ಸಾಕು. ಹೊಸದಾಗಿ ಫ್ಲುಕೊನಜೋಲ್ (ಶಿಲೀಂಧ್ರ ಸೋಂಕಿನ ಔಷಧಿ) ಶುರುವಾಗಿದ್ದರೂ ಲೆವೆಲ್ ಏರುತ್ತದೆ.

ಇನ್ನು ಎಣ್ಣೆ. ಕೊಬ್ಬಿನ ಕಣಗಳಿಗೆ ಹೆಚ್ಚು ಅಂಟಿಕೊಳ್ಳುವುದು ಇನ್ನೊಂದು ಕಸಿ ಔಷಧಿ, ಸೈಕ್ಲೋಸ್ಪೊರಿನ್. ಟ್ಯಾಕ್ರೊಲಿಮಸ್ ಬಹುಪಾಲು ಕೆಂಪು ರಕ್ತಕಣದಲ್ಲಿರುತ್ತದೆ. ಟಿಪಿಎನ್‌ನ ಕಾಟ ನಿಧಾನದ್ದು: ವಾರಗಟ್ಟಲೆ ನಡೆದರೆ ಪಿತ್ತ ಕಟ್ಟಿಕೊಂಡು, ಯಕೃತ್ತು ಔಷಧಿ ಹೊರಹಾಕುವುದು ತಗ್ಗಿ ಲೆವೆಲ್ ಮೆಲ್ಲಗೆ ಏರುತ್ತದೆ. ರಕ್ತದಲ್ಲಿ ಬಿಲಿರುಬಿನ್ (ಪಿತ್ತದ ಬಣ್ಣದ ಅಂಶ) ನೋಡಿಸುತ್ತಿರಿ. ರಕ್ತದ ಸಕ್ಕರೆಯನ್ನು ಟಿಪಿಎನ್ ಚೀಲದ ಡೆಕ್ಸ್ಟ್ರೋಸೂ ಈ ಔಷಧಿಯೂ ಎರಡೂ ಏರಿಸುತ್ತವೆ. ಔಷಧಿ ಪೊಟ್ಯಾಸಿಯಂ ಏರಿಸಿ ಮೆಗ್ನೀಸಿಯಂ ಇಳಿಸುವುದರಿಂದ ಚೀಲದ ಲವಣಗಳನ್ನು ಅದಕ್ಕೆ ಸರಿಯಾಗಿ ಬದಲಿಸುತ್ತಿರಬೇಕು. ಟ್ಯಾಕ್ರೊಲಿಮಸ್‌ಗೆ ಪಿವಿಸಿ (ಒಂದು ಬಗೆಯ ಪ್ಲಾಸ್ಟಿಕ್) ಅಲ್ಲದ ಬಾಟಲಿ, ಪಿವಿಸಿ ಅಲ್ಲದ ನಳಿಕೆ. ಟಿಪಿಎನ್ ಚೀಲಕ್ಕೆ ಬೆರೆಸಲೇಬಾರದು.

ವಿಠಲ, ಮಾಟುಂಗಾ: ಲೆವೆಲ್ ಪರೀಕ್ಷೆಗೆ ಬೆಳಗಿನ ಮಾತ್ರೆ ತಗೊಂಡು ಹೋಗಬಹುದಾ?

ಫಾರ್ಮಸಿಸ್ಟ್: ಬೇಡ. ರಕ್ತ ಕೊಟ್ಟ ಮೇಲೆ.

ಗಣೇಶ್, ಭಾಂಡುಪ್: ಫಾರ್ವರ್ಡ್ ಬಂತು. ಅಮೃತಬಳ್ಳಿ ಕಷಾಯ, ಮೇಲೆ ಚಕ್ಕೋತದ ರಸ. ಕಸಿಯಾದವರಿಗೆ ಶಕ್ತಿ ಬರುತ್ತದಂತೆ.

ಫಾರ್ಮಸಿಸ್ಟ್: ಅಳಿಸಿ. ಚಕ್ಕೋತ ಟ್ಯಾಕ್ರೊಲಿಮಸ್ ಲೆವೆಲ್ ಏರಿಸುತ್ತದೆ. ರೋಗನಿರೋಧಕ ಶಕ್ತಿಯನ್ನು ಔಷಧಿ ಹಾಕಿ ತಗ್ಗಿಸಿಟ್ಟಿರುವಾಗ ಅದನ್ನು ಎಬ್ಬಿಸುವ ಕಷಾಯ ಏಕೆ? ಅಮೃತಬಳ್ಳಿಯಿಂದ ಯಕೃತ್ತು ಕೆಟ್ಟ ಪ್ರಕರಣಗಳನ್ನು 2021ರಲ್ಲಿ ಮುಂಬೈ ವೈದ್ಯರೇ ವರದಿ ಮಾಡಿದ್ದಾರೆ.

ಗಣೇಶ್: ಆಯುರ್ವೇದ ಅಂದರೆ ನಿಮಗೆಲ್ಲ ಅಲರ್ಜಿ.

ವಿಠಲ: ಮಾರಾಯ್ರೆ, ಇನ್ನೊಬ್ಬರ ಕಿಡ್ನಿ ಮೇಲೆ ಪ್ರಯೋಗ ಬೇಡ. ಅಂದಹಾಗೆ ಥಾಣೆಯ ಲ್ಯಾಬಿನಲ್ಲಿ ಲೆವೆಲ್ ಪರೀಕ್ಷೆ ಅಗ್ಗ.

ಸುಜಾತಾ, ಮುಲುಂಡ್: ಅಲ್ಲಿ ಯಾವಾಗಲೂ ಹೆಚ್ಚೇ ಬರುತ್ತದೆ. ದುಡ್ಡು ಹಾಳು.

ವಿಠಲ: ನಿಮಗೆ ದೊಡ್ಡ ಲ್ಯಾಬಿನ ಕಮಿಷನ್ ಇದೆಯಾ?

ಫಾರ್ಮಸಿಸ್ಟ್: ಕಮಿಷನ್ ಮಾತು ನಿಲ್ಲಿಸಿ. ಇಮ್ಯುನೊಅಸ್ಸೇ (ಪ್ರತಿಕಾಯ ಬಳಸಿ ಅಳೆಯುವ) ವಿಧಾನದಲ್ಲಿ ಔಷಧಿಯ ಒಡೆದ ಚೂರುಗಳೂ ಲೆಕ್ಕಕ್ಕೆ ಸೇರಿ ಸಂಖ್ಯೆ ತುಸು ಹೆಚ್ಚು ತೋರಬಹುದು. ಒಂದೇ ಲ್ಯಾಬ್ ಹಿಡಿಯಿರಿ.

ಪ್ರಮೀಳಾ, ವಾಶಿ: ಮಾತ್ರೆ ನುಂಗಿ ರಕ್ತ ಕೊಟ್ಟರೆ ನಡೆಯುತ್ತಾ?

ಫಾರ್ಮಸಿಸ್ಟ್: ಮೇಲೆ ಓದಿ.

ರೇಖಾ, ಪುಣೆ: ಮೇಡಂ, ಇಲ್ಲಿ ಮನೆಗೇ ಬಂದು ಟಿಪಿಎನ್ ಹಾಕುವವರು ಇದ್ದಾರಾ?

ಗಣೇಶ್: ಚಕ್ಕೋತ ಬಿಡಿ, ಕಷಾಯ ಮಾತ್ರ ಕುಡಿದರೆ?

ವಿಠಲ: ಅಡ್ಮಿನ್, ಇವರನ್ನು ತೆಗೆಯಿರಿ.