ಪದಚರ್ಚೆ: ನೀರಿನ ಫಿಲ್ಟರಿನ ‘ಕ್ಯಾಂಡಲ್’ಗೆ ಕನ್ನಡದಲ್ಲಿ ಏನನ್ನಬೇಕು? (ಇವತ್ತೇ ಬೇಕು)

ಎಸ್. ವಿ., ಹಾಸನ:
ಎಲ್ಲರಿಗೂ ನಮಸ್ಕಾರ. ಮನೆಬಳಕೆಯ ಸ್ಟೀಲ್ ಫಿಲ್ಟರ್ ಜೊತೆ ಕೊಡುವ ಒಂದು ಪುಟದ ಸೂಚನೆ ಕನ್ನಡಕ್ಕೆ ಆಗಬೇಕು. ಕರೆಂಟ್ ಬೇಡದ್ದು, ಮೇಲಿನ ಪಾತ್ರೆಗೆ ಹಾಕಿದ ನೀರು ತಾನಾಗಿ ಕೆಳಗಿನ ಪಾತ್ರೆಗೆ ಇಳಿಯುವಂಥದ್ದು. ಸಂಜೆ 5ಕ್ಕೆ ಅಚ್ಚಿಗೆ ಹೋಗುತ್ತದೆ. ಯಂತ್ರಾನುವಾದದ ಕರಡಿನಲ್ಲಿ ಹೀಗಿದೆ: “ಗುರುತ್ವಾಕರ್ಷಣೆ ಪೋಷಿತ ಜಲ ಶುದ್ಧೀಕರಣ ಯಂತ್ರ”, “ಮೇಣದಬತ್ತಿಯನ್ನು ಸ್ವಚ್ಛಗೊಳಿಸಿ”, “ರೆಕ್ಕೆ ಅಡಿಕೆಯನ್ನು ಬಿಗಿಗೊಳಿಸಿ”. ಇದನ್ನು ಹೀಗೇ ಬಿಡಲಾಗದು. ಉಪಕರಣದ ಹೆಸರು, ಕ್ಯಾಂಡಲ್ (ಮೇಲಿನ ಪಾತ್ರೆಯಲ್ಲಿ ನಿಂತು ನೀರು ಸೋಸುವ ಸೆರಾಮಿಕ್ ಕೊಳವೆ), ಕೆಳಪಾತ್ರೆಯೊಳಗೆ ಕಟ್ಟುವ ಜಾರುವ ಪದರ, ನಲ್ಲಿಯ ಬಾಯಲ್ಲಿ ಕಟ್ಟುವ ಬಿಳಿಯದು, ಇವಿಷ್ಟಕ್ಕೆ ಪದ ಬೇಕು.

ಕೆ. ಎನ್., ಬೆಂಗಳೂರು:
‘ನೆಲಸೆಳೆತದ ಸೋಸುಗೆ’. ಕ್ಯಾಂಡಲ್‌ಗೆ ‘ಸೋಸುಬತ್ತಿ’. ಅಚ್ಚಗನ್ನಡದ ‘ಸೋಸು’ ಇರುವಾಗ ಶೋಧಕ, ಶುದ್ಧೀಕರಣ ಯಾಕೆ? ಇಂಗ್ಲಿಷಂತೂ ಬೇಡವೇ ಬೇಡ.

ಜಿ. ಆರ್., ಧಾರವಾಡ:
ಶೋಧಿಸು, ಸೋದಿಸು, ಸೋಸು. ನಿಮ್ಮ ಅಚ್ಚಗನ್ನಡ ಹುಟ್ಟಿದ್ದು ಹೀಗೆ. ‘ಬತ್ತಿ’ಯೂ ಸಂಸ್ಕೃತದ ‘ವರ್ತಿ’ಯಿಂದ ಬಂದದ್ದೇ. ಎರಡು ತದ್ಭವ ಜೋಡಿಸಿ ಶುದ್ಧ ಕನ್ನಡ ಎನ್ನಬೇಡಿ.

ಕೆ. ಎನ್., ಬೆಂಗಳೂರು:
ತದ್ಭವ ಆದಮೇಲೆ ಅದು ಕನ್ನಡವೇ. ಬಾಯಿಗೆ ಒಗ್ಗಿದ್ದು ನಮ್ಮದು, ಒಗ್ಗದ್ದು ಪರದು.

ಎಂ., ಪುತ್ತೂರು:
ಆ ಲೆಕ್ಕದಲ್ಲಿ ‘ಫಿಲ್ಟರ್’, ‘ಕ್ಯಾಂಡಲ್’ ಕೂಡ ಒಗ್ಗಿವೆ. ಪಾತ್ರೆ ಅಂಗಡಿಗೆ ಹೋಗಿ ‘ಸೋಸುಬತ್ತಿ’ ಕೇಳಿದರೆ ಯಾರೂ ಕೊಡುವುದಿಲ್ಲ. ‘ಫಿಲ್ಟರ್ ಕ್ಯಾಂಡಲ್’ ಅಂದರೆ ವಾಷರ್ ಸಮೇತ ಕೈಗೆ ಬರುತ್ತದೆ. ಬದಲಿ ಭಾಗದ ಹೆಸರು ಅಂಗಡಿಯ ಹೆಸರೇ ಆಗಿರಬೇಕು.

ಮೇಡಂ, ಕರಡಿನಲ್ಲಿ ನಾಮಪದಕ್ಕಿಂತ ಕ್ರಿಯಾಪದಗಳು ಹೆಚ್ಚು ಅಪಾಯಕಾರಿ. “ಸ್ವಚ್ಛಗೊಳಿಸಿ” ಅಂದರೆ ಜನ ಪಾತ್ರೆ ತೊಳೆಯುವ ಸೋಪು ಹಾಕಿ ತೊಳೆಯುತ್ತಾರೆ. ಸೆರಾಮಿಕ್ಕಿನ ಸೂಕ್ಷ್ಮ ರಂಧ್ರಗಳು ಸೋಪನ್ನು ಹೀರಿಕೊಂಡು ದಿನಗಟ್ಟಲೆ ನೀರಿಗೆ ಆ ರುಚಿ ಬಿಡುತ್ತವೆ. ಅಲ್ಲಿ ಬೇಕಾದ ಮಾತು ‘ಉಜ್ಜಿ’. ಹರಿಯುವ ನೀರಿನಡಿ ಹಿಡಿದು ಹೊಸ ಮೃದು ಬ್ರಷ್ಷಿನಿಂದಲೋ ಹಸಿರು ಉಜ್ಜುಗದಿಂದಲೋ ಮೇಲ್ಮೈಯ ಕಂದು ಪದರ ಹೋಗಿ ಬಿಳಿ ಕಾಣುವವರೆಗೆ ಹಗುರಾಗಿ ಉಜ್ಜಬೇಕು. ಪ್ರತಿ ಸಲವೂ ಸೆರಾಮಿಕ್ ಕೊಂಚ ಸವೆಯುತ್ತದೆ. ಅದಕ್ಕೇ ಕೆಲವು ಕ್ಯಾಂಡಲ್ ಜೊತೆ ಅಳತೆಯ ಬಳೆ ಕೊಟ್ಟಿರುತ್ತಾರೆ. ಬಳೆ ಸಲೀಸಾಗಿ ದಾಟಿದರೆ ಕ್ಯಾಂಡಲ್ ಬದಲಿಸುವ ಕಾಲ ಬಂತು. ಇನ್ನು “ತಿಂಗಳಿಗೊಮ್ಮೆ” ಅಂತ ಕರಡಿನಲ್ಲಿದ್ದರೆ ತೆಗೆದು ‘ನೀರು ಇಳಿಯುವುದು ನಿಧಾನವಾದಾಗ’ ಅಂತ ಬರೆಯಿರಿ. ಕೆಸರು ನೀರಿಗೆ ವಾರವೂ ಆಗಬಹುದು, ತಿಳಿನೀರಿಗೆ ತಿಂಗಳುಗಳೂ ಆಗಬಹುದು.

ಎಸ್. ವಿ., ಹಾಸನ:
ಉಪಕಾರವಾಯಿತು ಸರ್. ಮುಂದಿನ ಸಾಲು “ಮೇಣದಬತ್ತಿಯನ್ನು ಕುದಿಸಬಹುದು” ಅಂತಿದೆ. ಉಳಿಸಲೇ?

ಎಂ., ಪುತ್ತೂರು:
ಪೂರ್ತಿ ಸೆರಾಮಿಕ್ಕಿನ ಹಳೆ ಮಾದರಿಯಾದರೆ ಸರಿ. ಬುಡಕ್ಕೆ ಪ್ಲಾಸ್ಟಿಕ್ ಅಂಟಿಸಿ ಒಳಗೆ ಇದ್ದಿಲು ತುಂಬಿದ್ದಾದರೆ ಕುದಿಸಲೇಬಾರದು, ಅಂಟು ಬಿಡುತ್ತದೆ. ಆಮೇಲೆ ನೀರು ಸೆರಾಮಿಕ್ಕನ್ನು ದಾಟದೆ ಆ ಸಂದಿಯಿಂದಲೇ ಇಳಿಯುತ್ತದೆ. ಉಜ್ಜಿದ ಮೇಲೆ ನೀರು ಮೊದಲಿಗಿಂತ ರಭಸವಾಗಿ ಇಳಿದರೆ ಜನ ಖುಷಿಪಡುತ್ತಾರೆ. ವಿಪರೀತ ರಭಸವಾದರೆ ಅದು ಬಿರುಕಿನ ಲಕ್ಷಣ. ನಿಮ್ಮದು ಯಾವ ಮಾದರಿ?

ಎಸ್. ವಿ., ಹಾಸನ:
ಪ್ಲಾಸ್ಟಿಕ್ ಬುಡ, ಒಳಗೆ ಇದ್ದಿಲು.

ಎಂ., ಪುತ್ತೂರು:
ಹಾಗಾದರೆ ‘ಕುದಿಸಬಾರದು’ ಅಂತ ದಪ್ಪಕ್ಷರದಲ್ಲಿ ಹಾಕಿ.

ಜಿ. ಆರ್., ಧಾರವಾಡ:
ಉಪಕರಣದ ಹೆಸರಿನಲ್ಲಿ ‘ಶುದ್ಧೀಕರಣ’ ಬೇಡ. ತದ್ಭವ ತತ್ಸಮದ ತಕರಾರಲ್ಲ, ಅರ್ಥದ ತಕರಾರು. ಸೆರಾಮಿಕ್ ಹಿಡಿಯುವುದು ಕೆಸರು, ತುಕ್ಕು, ಬಹುಪಾಲು ಬ್ಯಾಕ್ಟೀರಿಯಾ. ಕರಗಿದ ಫ್ಲೋರೈಡ್, ನೈಟ್ರೇಟ್, ಗಡಸುತನ ಹಾಗೇ ದಾಟಿ ಹೋಗುತ್ತವೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂವರೆಗೆ ಇರಬಹುದು, ನೀರಿಗೆ ಬೇರೆ ಮೂಲ ಇಲ್ಲದಿದ್ದರೆ 1.5ರವರೆಗೆ. ಕೋಲಾರ, ಪಾವಗಡದ ಕಡೆ ಅದನ್ನು ಮೀರಿದ ಬೋರ್‌ವೆಲ್‌ಗಳಿವೆ. ಅಲ್ಲಿನವರು ‘ಶುದ್ಧೀಕರಣ’ ಅಂತ ಓದಿ ನಂಬಿ ಕುಡಿದರೆ ಹೊಣೆ ಯಾರದು? ‘ಯಂತ್ರ’ವೂ ಅಲ್ಲ, ಅದರಲ್ಲಿ ತಿರುಗುವುದು ಏನೂ ಇಲ್ಲ. ‘ನೀರಿನ ಫಿಲ್ಟರ್’ ಸಾಕು.

ಕೆ. ಎನ್., ಬೆಂಗಳೂರು:
ಅರ್ಥದ ಮಾತು ಒಪ್ಪಿದೆ. ಅದಕ್ಕೇ ‘ಸೋಸು’ ಅಂದದ್ದು. ಸೋಸಿದರೆ ಕಸ ಹೋಗುತ್ತದೆ, ಉಪ್ಪು ಹೋಗುವುದಿಲ್ಲ, ಇದು ಎಲ್ಲರಿಗೂ ಗೊತ್ತು. ಬಸಿ, ಸೋಸು, ಜಿನುಗು, ಒಸರು, ತಿಳಿಯಾಗು, ಒಂದೊಂದಕ್ಕೂ ಬೇರೆ ಅರ್ಥವಿರುವ ಭಾಷೆ ನಮ್ಮದು. ಕದಡಿದ ನೀರಿಗೆ ಚಿಲ್ಲದ ಬೀಜ ತೇಯ್ದು ತಿಳಿಮಾಡುತ್ತಿದ್ದ ನಾಡಿನವರು ನೀರಿನ ಪದಕ್ಕೆ ಸಾಲ ಮಾಡಬೇಕೆ?

ಜಿ. ಆರ್., ಧಾರವಾಡ:
ಮಾಡಿದ್ದೇವೆ, ಬಹಳ ಹಿಂದೆಯೇ. ನಮ್ಮ ‘ನಳ’, ನಿಮ್ಮ ‘ನಲ್ಲಿ’ ಎರಡೂ ‘ನಾಳ’ದ ಬಳಗ. ‘ಕೊಳಾಯಿ’ ತಮಿಳಿನ ‘ಕುಳಾಯ್’. ಯಾವುದನ್ನು ಕಿತ್ತು ಹಾಕುತ್ತೀರಿ?

ಎಂ., ಪುತ್ತೂರು:
ಇಬ್ಬರೂ ಇದನ್ನು ನಾಳೆಗೆ ಇಟ್ಟುಕೊಳ್ಳಿ. ಐದು ಗಂಟೆ ಹತ್ತಿರ ಬಂತು.

ಜಾರುವ ಪದರಕ್ಕೆ ‘ಲೋಳೆ’, ಬೇರೆ ಪದ ಹುಡುಕಬೇಡಿ. ಸರಬರಾಜು ನೀರಿನ ಕ್ಲೋರಿನ್ನನ್ನು ಇದ್ದಿಲು ಹಿಡಿದುಬಿಡುತ್ತದೆ. ಹಾಗಾಗಿ ಕೆಳಪಾತ್ರೆಯ ನೀರಿಗೆ ಕಾವಲಿಲ್ಲ, ಅಲ್ಲೇ ಲೋಳೆ ಕಟ್ಟುವುದು. ಪಾತ್ರೆಯ ಒಳಗೋಡೆಯನ್ನೂ ನಲ್ಲಿಯ ಒಳಗನ್ನೂ ಸೋಪಿನಿಂದ ತಿಕ್ಕಿ ಚೆನ್ನಾಗಿ ಜಾಲಾಡಿಸಿ ಒಣಗಿಸಬೇಕು. ಸೋಪು ಪಾತ್ರೆಗೆ ಮಾತ್ರ, ಕ್ಯಾಂಡಲ್ಲಿಗೆ ಇಲ್ಲ ಎಂಬುದು ಅದೇ ಸಾಲಿನಲ್ಲಿ ಬರಲಿ. ಬಿಳಿಯದಕ್ಕೆ ‘ಸುಣ್ಣದ ಪೊರೆ’. 1 ಲೀಟರ್ ಬಿಸಿನೀರಿಗೆ 1 ದೊಡ್ಡ ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿ ನಲ್ಲಿಯನ್ನು ಬಿಚ್ಚಿ ಅರ್ಧ ಗಂಟೆ ನೆನೆಹಾಕಿದರೆ ಬಿಡುತ್ತದೆ.

ಇಂಗ್ಲಿಷಿನ ‘ವಿಂಗ್ ನಟ್’ಗೆ “ರೆಕ್ಕೆ ಅಡಿಕೆ” ಅಲ್ಲ, ‘ಕಿವಿ ಇರುವ ನಟ್ಟು’. ‘ಬಿಗಿಗೊಳಿಸಿ’ ಅಂದರೆ ಇಕ್ಕಳ ಹಾಕಿ ತಿರುಗಿಸಿ ಪ್ಲಾಸ್ಟಿಕ್ ತಿರುಪು ಮುರಿಯುತ್ತಾರೆ. ‘ಕೈಯಿಂದಷ್ಟೇ ಬಿಗಿ ಮಾಡಿ’ ಅನ್ನಿ. ವಾಷರ್ ಕೂರಬೇಕಾದ್ದು ಮೇಲಿನ ಪಾತ್ರೆಯ ಒಳಗೆ, ಕ್ಯಾಂಡಲ್ ಬುಡಕ್ಕೂ ಪಾತ್ರೆಯ ತಳಕ್ಕೂ ನಡುವೆ. ಸೋರಿಕೆ ನೋಡಲು ಪ್ಲಾಸ್ಟಿಕ್ ಬುಡ ಮುಳುಗುವಷ್ಟೇ ನೀರು ಹಾಕಬೇಕು, ಸೆರಾಮಿಕ್ಕಿಗೆ ತಾಗಬಾರದು. ಆಗಲೂ ಕೆಳಗೆ ತೊಟ್ಟಿಕ್ಕಿದರೆ ವಾಷರ್ ಸರಿಯಾಗಿ ಕೂತಿಲ್ಲ. ಉಜ್ಜುವಾಗ ತಿರುಪಿನ ತೂತನ್ನು ಬೆರಳಿನಿಂದ ಮುಚ್ಚಿಕೊಳ್ಳಬೇಕು. ಅದರೊಳಗೆ ಹೋದ ಕೊಳೆನೀರು ಸೋಸಿಕೊಳ್ಳದೆ ನೇರ ಕೆಳಪಾತ್ರೆಗೆ ಬೀಳುತ್ತದೆ.

ಎಸ್. ವಿ., ಹಾಸನ:
ಮೊದಲ ಭಾಗ ಹೀಗೆ ಕಳಿಸುತ್ತಿದ್ದೇನೆ: “ನೀರಿನ ಫಿಲ್ಟರ್. ಇದು ನೀರನ್ನು ಸೋಸುತ್ತದೆ. ಫ್ಲೋರೈಡ್, ಗಡಸುತನ ತೆಗೆಯುವುದಿಲ್ಲ. ನೀರು ಇಳಿಯುವುದು ನಿಧಾನವಾದಾಗ ಕ್ಯಾಂಡಲನ್ನು ಹರಿಯುವ ನೀರಿನಲ್ಲಿ ಬಿಳಿ ಕಾಣುವವರೆಗೆ ಉಜ್ಜಿ. ಕ್ಯಾಂಡಲ್ಲಿಗೆ ಸೋಪು ಹಾಕಬೇಡಿ. ಕುದಿಸಬೇಡಿ.” ಕೆ. ಎನ್. ಅವರ ‘ಸೋಸು’ ಉಳಿದಿದೆ.

ಕೆ. ಎನ್., ಬೆಂಗಳೂರು:
‘ಕ್ಯಾಂಡಲನ್ನು’, ‘ಕ್ಯಾಂಡಲ್ಲಿಗೆ’. ಒಂದು ಕಡೆ ಒತ್ತು, ಒಂದು ಕಡೆ ಇಲ್ಲ. ಸಾಲದ ಪದವೇ ಬೇಕಾದರೆ ವಿಭಕ್ತಿಯನ್ನಾದರೂ ಒಂದೇ ರೀತಿ ಹಚ್ಚಿ: ‘ಕ್ಯಾಂಡಲ್ಲನ್ನು’.

ಜಿ. ಆರ್., ಧಾರವಾಡ:
ಅದು ಸರಿ. ತಿದ್ದಿ ಕಳಿಸಿ. ಮೇಲಿನ ಪಾತ್ರೆಯನ್ನು ಮತ್ತೆ ತುಂಬುವ ಮೊದಲು ಕೆಳಗಿನದರಲ್ಲಿ ಜಾಗ ಇದೆಯೇ ನೋಡಿ ಎಂಬುದನ್ನೂ ಸೇರಿಸಿ, ಇಲ್ಲದಿದ್ದರೆ ಎರಡು ಪಾತ್ರೆ ಕೂಡುವ ಅಂಚಿನಿಂದ ನೀರು ಉಕ್ಕಿ ಕಟ್ಟೆಯೆಲ್ಲ ಒದ್ದೆಯಾಗುತ್ತದೆ.