ಮಿಂಟ್ ಮತ್ತೆ ಹಾಕಿದ ಮೇಲೆ ‘ನೋ ಬೂಟಬಲ್ ಡಿವೈಸ್’

ಕಾಫಿ_ಕಣ (ಸೋಮವಾರಪೇಟೆ):
ಹಳೇ ಲ್ಯಾಪ್‌ಟಾಪ್, 240 ಜಿಬಿ ಸಾಟಾ ಎಸ್‌ಎಸ್‌ಡಿ. ಡಿಸ್ಕ್ ಪೂರ್ತಿ ಅಳಿಸಿ ಲಿನಕ್ಸ್ ಮಿಂಟ್ 22 (ವಿಂಡೋಸ್ ಥರದ ಆಪರೇಟಿಂಗ್ ಸಿಸ್ಟಂ) ಹಾಕಿದೆ. ಆ ದಿನ ಸರಿಯಾಗೇ ಬೂಟ್ ಆಯ್ತು. ರಾತ್ರಿ ಮಳೆಗೆ ಕರೆಂಟ್ ಹೋಯ್ತು, ಬೆಳಿಗ್ಗೆಯಿಂದ ‘ನೋ ಬೂಟಬಲ್ ಡಿವೈಸ್’ (ಬೂಟ್ ಆಗೋ ಡಿಸ್ಕ್ ಸಿಗಲಿಲ್ಲ) ಅಂತ ನಿಲ್ತದೆ. ಬ್ಯಾಟರಿ ಸತ್ತಿದೆ, ಚಾರ್ಜರ್ ಮೇಲೇ ಓಡ್ತದೆ. ಕರೆಂಟ್ ಹೋಗಿ ಬಂದಾಗಲೆಲ್ಲ ಗಡಿಯಾರ 2018ಕ್ಕೆ ಹೋಗೋದೂ ಉಂಟು. ಪೆನ್‌ಡ್ರೈವ್‌ನಿಂದ ಲೈವ್ ಮಿಂಟ್ (ಇನ್‌ಸ್ಟಾಲ್ ಮಾಡದೆ ನೇರ ಓಡೋದು) ಚೆನ್ನಾಗಿ ಬರ್ತದೆ. ಡಿಸ್ಕ್‌ನಲ್ಲಿ ಕಾಣೋ ಭಾಗಗಳು (ಪಾರ್ಟಿಶನ್): ಎಸ್‌ಡಿಎ1 1 ಎಂಬಿ, ಎಸ್‌ಡಿಎ2 513 ಎಂಬಿ ಫ್ಯಾಟ್32, ಉಳಿದದ್ದು ಎಸ್‌ಡಿಎ3. ಹೋಮ್‌ಗೆ ಫೈಲ್‌ಗಳನ್ನೆಲ್ಲ ತುಂಬಿಸಿಯಾಗಿದೆ, ಇನ್ನೊಮ್ಮೆ ಇನ್‌ಸ್ಟಾಲ್ ಮಾಡೋದು ಬೇಡ. ಎಸ್‌ಎಸ್‌ಡಿ ಹೋಯ್ತಾ?

ಗ್ರಬ್_ಗೌಡ:
ಲೈವ್‌ನಲ್ಲಿ ಎಸ್‌ಡಿಎ3 ತೆರೆದು ಫೈಲ್ ಓದಕ್ಕಾದರೆ ಎಸ್‌ಎಸ್‌ಡಿ ಮೇಲೆ ಅನುಮಾನ ಬೇಡ. ಆ 1 ಎಂಬಿ ಭಾಗ ನೋಡಿ. ಅದು ‘ಬಯಾಸ್ ಬೂಟ್’ ಜಾಗ, ಜಿಪಿಟಿ (ಹೊಸ ಬಗೆಯ ಪಾರ್ಟಿಶನ್ ಪಟ್ಟಿ) ಡಿಸ್ಕ್‌ನಲ್ಲಿ ಲೆಗಸಿ, ಅಂದ್ರೆ ಹಳೇ ಬಯಾಸ್ ರೀತಿಯ ಗ್ರಬ್ (ಮಿಂಟನ್ನು ಎಬ್ಬಿಸೋ ಪ್ರೋಗ್ರಾಂ) ಕೂರೋದು ಅಲ್ಲೇ. ಅಂದ್ರೆ ಇನ್‌ಸ್ಟಾಲ್ ಮಾಡುವಾಗ ಪೆನ್‌ಡ್ರೈವ್ ಲೆಗಸಿ ಮೋಡ್‌ನಲ್ಲಿ ಎದ್ದಿತ್ತು. 513 ಎಂಬಿ ಭಾಗವನ್ನು ಇನ್‌ಸ್ಟಾಲರ್ ಹೇಗೂ ಮಾಡಿಡ್ತದೆ, ಒಳಗೆ ಗ್ರಬ್ ಇರೋದಿಲ್ಲ. ಆನ್ ಮಾಡ್ತಲೇ ಎಫ್2 ಒತ್ತಿ ಬಯಾಸ್ ಸೆಟ್ಟಿಂಗ್‌ನಲ್ಲಿ ಬೂಟ್ ಮೋಡ್ ನೋಡಿ. ‘ಯುಇಎಫ್‌ಐ’ (ಬೂಟ್ ಆಗೋ ಹೊಸ ರೀತಿ) ಅಂತಿದ್ರೆ ‘ಲೆಗಸಿ’ ಮಾಡಿ, ಎಫ್10 ಒತ್ತಿ ಸೇವ್ ಮಾಡಿ. ಎರಡು ನಿಮಿಷದ ಕೆಲಸ.

ಹಾರಂಗಿ_ಟಕ್ಸ್:
ಗೌಡ್ರು ಹೇಳಿದ್ದು ಸರಿ, ಆದ್ರೆ ಅದು ಮುಂದಿನ ಪವರ್‌ಕಟ್‌ವರೆಗೆ ಮಾತ್ರ. ಗಡಿಯಾರ 2018ಕ್ಕೆ ಹೋಗ್ತದೆ ಅಂದ್ರೆ ಸೀಮಾಸ್ ಸೆಲ್ (ಗಡಿಯಾರ, ಬಯಾಸ್ ಸೆಟ್ಟಿಂಗ್ ಉಳಿಸೋ ಪುಟ್ಟ ಬ್ಯಾಟರಿ) ಸತ್ತಿದೆ. ಮೇನ್ ಬ್ಯಾಟರಿಯೂ ಇಲ್ಲ, ಕರೆಂಟೂ ಇಲ್ಲ ಅಂದಾಗ ಬಯಾಸ್ ಸೆಟ್ಟಿಂಗ್ ಎಲ್ಲ ಫ್ಯಾಕ್ಟರಿ ಸ್ಥಿತಿಗೆ ಹೋಗಿ ಯುಇಎಫ್‌ಐ ಮೋಡ್ ಬಂದು ಕೂತಿದೆ. ನಮ್ಮ ಕಡೆ ಆಟಿ ಮಳೆಯಲ್ಲಿ ಇದು ದಿನಾ ಆಗೋ ಕತೆಯಾದೀತು. ಗ್ರಬ್ಬನ್ನೇ ಯುಇಎಫ್‌ಐಗೆ ಬದಲಾಯಿಸಿ, ಫೈಲ್‌ಗಳಿಗೆ ಏನೂ ಆಗಲ್ಲ.

ಬೂಟ್ ಮೋಡ್ ಯುಇಎಫ್‌ಐ ಇರಲಿ. ಎಫ್12 ಮೆನುವಿನಲ್ಲಿ ಪೆನ್‌ಡ್ರೈವ್ ಎರಡು ಸಲ ಕಂಡರೆ ಹೆಸರಿನ ಮುಂದೆ ‘ಯುಇಎಫ್‌ಐ’ ಇರೋದನ್ನೇ ಆರಿಸಿ. ಲೈವ್ ಬಂದ ಮೇಲೆ /ಸಿಸ್/ಫರ್ಮ್‌ವೇರ್/ಇಎಫ್‌ಐ ಫೋಲ್ಡರ್ ಇದೆಯಾ ನೋಡಿ. ಇಲ್ಲದಿದ್ರೆ ಮುಂದೆ ಹೋಗಬೇಡಿ, ಮತ್ತೆ ಲೆಗಸಿಯಲ್ಲೇ ಎದ್ದಿದೆ.

ಟರ್ಮಿನಲ್‌ನಲ್ಲಿ ಎಸ್‌ಡಿಎ3ಯನ್ನು /ಎಂಎನ್‌ಟಿಗೆ ಮೌಂಟ್ ಮಾಡಿ (ಆ ಫೋಲ್ಡರ್‌ಗೆ ಜೋಡಿಸಿ). /ಎಂಎನ್‌ಟಿ/ಬೂಟ್/ಇಎಫ್‌ಐ ಫೋಲ್ಡರ್ ಇಲ್ಲದಿದ್ರೆ ಮಾಡಿಕೊಂಡು ಅಲ್ಲಿಗೆ ಎಸ್‌ಡಿಎ2. ಆಮೇಲೆ /ಡೆವ್, /ಪ್ರೊಕ್, /ಸಿಸ್, /ರನ್ ಈ ನಾಲ್ಕು ಸಿಸ್ಟಂ ಫೋಲ್ಡರ್‌ಗಳನ್ನೂ ‘ಆರ್‌ಬೈಂಡ್’ (ಒಳಗಿನದ್ದೆಲ್ಲ ಸಮೇತ ಜೋಡಿಸೋದು) ಹಾಕಿ /ಎಂಎನ್‌ಟಿ ಒಳಗೆ ಸೇರಿಸಿ. ಬರೀ ‘ಬೈಂಡ್’ ಹಾಕಿದರೆ /ಸಿಸ್ ಒಳಗಿನ ಇಎಫ್‌ಐ ವೇರಿಯಬಲ್ಸ್ (ಯುಇಎಫ್‌ಐನ ಬೂಟ್ ಸೆಟ್ಟಿಂಗ್‌ಗಳು) ಜೊತೆಗೆ ಬರಲ್ಲ. ‘ಇಎಫ್‌ಐ ವೇರಿಯಬಲ್ಸ್ ಆರ್ ನಾಟ್ ಸಪೋರ್ಟೆಡ್’ ಅಂತ ಬೈಸಿಕೊಳ್ಳೋದು ಇಲ್ಲೇ. /ರನ್ ಮರೆತರೆ ಒಳಗೆ ಡಿಎನ್‌ಎಸ್ (ವೆಬ್ ಹೆಸರಿನಿಂದ ವಿಳಾಸ ಹುಡುಕೋದು) ಸಿಗಲ್ಲ, ಎಪಿಟಿ (ಪ್ಯಾಕೇಜ್ ಹಾಕೋ ಕಮಾಂಡ್) ಸುಮ್ಮನೆ ನಿಲ್ತದೆ.

ಈಗ /ಎಂಎನ್‌ಟಿಗೆ ಸಿಎಚ್‌ರೂಟ್ ಮಾಡಿ, ಅಂದ್ರೆ ಡಿಸ್ಕ್‌ನಲ್ಲಿರೋ ಮಿಂಟ್ ಒಳಗೆ ಹೋಗಿ. ಅಲ್ಲಿ ಮೊದಲು ತಾರೀಕು ಸರಿ ಮಾಡಿ. 2018 ಇದ್ದರೆ ‘ರಿಲೀಸ್ ಫೈಲ್ ಈಸ್ ನಾಟ್ ವ್ಯಾಲಿಡ್ ಯೆಟ್’ ಅಂತ ಎಪಿಟಿ ಹಟ ಹಿಡೀತದೆ. ಆಮೇಲೆ ಎಪಿಟಿಯಿಂದ ಗ್ರಬ್-ಇಎಫ್‌ಐ-ಎಎಂಡಿ64, ಅದರ ಸೈನ್ಡ್ ಪ್ಯಾಕೇಜ್, ಶಿಮ್-ಸೈನ್ಡ್ ಮೂರನ್ನೂ ಹಾಕಿ. ಹಳೇ ಗ್ರಬ್-ಪಿಸಿ (ಲೆಗಸಿ ಗ್ರಬ್) ತೆಗೀಲಾ ಅಂತ ಕೇಳ್ತದೆ, ಹೂಂ ಅನ್ನಿ. ನಂತರ ಗ್ರಬ್-ಇನ್‌ಸ್ಟಾಲ್, ಅಪ್‌ಡೇಟ್-ಗ್ರಬ್. ಎಸ್‌ಡಿಎ2ರ ಯುಯುಐಡಿಯನ್ನು (ಆ ಭಾಗದ ಗುರುತಿನ ಸಂಖ್ಯೆ) ಬಿಎಲ್‌ಕೆಐಡಿ ಕಮಾಂಡ್‌ನಲ್ಲಿ ನೋಡಿಕೊಂಡು ಎಫ್‌ಎಸ್‌ಟ್ಯಾಬ್‌ಗೆ (ಬೂಟ್ ಆಗುವಾಗ ಏನೇನು ಮೌಂಟ್ ಆಗಬೇಕು ಅನ್ನೋ ಪಟ್ಟಿ) ಸೇರಿಸಿ: /ಬೂಟ್/ಇಎಫ್‌ಐ, ವಿಫ್ಯಾಟ್, ಯುಮಾಸ್ಕ್ 0077. ಈ ಸಾಲು ಬಿಟ್ಟರೆ ಇವತ್ತು ಬೂಟ್ ಆಗ್ತದೆ, ಮುಂದೆ ಗ್ರಬ್ ಅಪ್‌ಡೇಟ್ ಬಂದಾಗ ಕೈ ಕೊಡ್ತದೆ.

ಇಷ್ಟೂ ಮಾಡುವಾಗ ಯುಪಿಎಸ್ ಮೇಲಿಡಿ ಮಾರಾಯ್ರೇ. ನೆಟ್‌ಗೆ ಮೊಬೈಲ್‌ನಿಂದ ಯುಎಸ್‌ಬಿ ಟೆದರಿಂಗ್ ಸಾಕು.

ಗ್ರಬ್_ಗೌಡ:
ಒಪ್ಪಿದೆ. ಏಸರ್ ಆದ್ರೆ ಇನ್ನೊಂದು ಕೊಕ್ಕೆ ಇರಬಹುದು. ಗ್ರಬ್ ಸರಿಯಾಗಿ ಕೂತರೂ ಸೆಕ್ಯೂರ್ ಬೂಟ್ (ನಂಬಿದ ಫೈಲ್ ಮಾತ್ರ ಬೂಟ್ ಮಾಡಲು ಬಿಡೋ ಕಾವಲು) ಅದನ್ನು ಒಪ್ಪದೆ ಅದೇ ‘ನೋ ಬೂಟಬಲ್ ಡಿವೈಸ್’ ತೋರಿಸ್ತದೆ. ಎಫ್2, ಸೆಕ್ಯೂರಿಟಿ, ಮೊದಲು ಸೂಪರ್‌ವೈಸರ್ ಪಾಸ್‌ವರ್ಡ್ ಇಡಿ (ಬರೆದಿಟ್ಟುಕೊಳ್ಳಿ), ಆಮೇಲೆ ‘ಸೆಲೆಕ್ಟ್ ಆ್ಯನ್ ಯುಇಎಫ್‌ಐ ಫೈಲ್ ಆ್ಯಸ್ ಟ್ರಸ್ಟೆಡ್’ನಲ್ಲಿ ಇಎಫ್‌ಐ, ಉಬುಂಟು, ಶಿಮ್‌ಎಕ್ಸ್64. ಮಿಂಟ್‌ನ ಫೋಲ್ಡರ್ ಹೆಸರೂ ‘ಉಬುಂಟು’ ಅಂತಲೇ ಇರೋದು, ಗಾಬರಿ ಬೇಡ.

ಕಾಫಿ_ಕಣ:
ಬೂಟ್ ಆಯ್ತು, ಇಬ್ಬರಿಗೂ ಥ್ಯಾಂಕ್ಸ್. ಏಸರ್ ಅಲ್ಲ, ಆ ಕೊಕ್ಕೆ ಬರಲಿಲ್ಲ. ಹಿಂದಿನ ಮುಚ್ಚಳ ತೆಗೆದು ನೋಡಿದ್ರೆ ಸೆಲ್‌ಗೆ ಕಪ್ಪು ಕವಚ, ಎರಡು ವೈರ್. ಮಲ್ಟಿಮೀಟರ್‌ನಲ್ಲಿ 1.9 ವೋಲ್ಟ್. ಅಂಗಡಿಯ ಸಾದಾ ಸಿಆರ್2032 ತಂದು ವೈರ್ ಬೆಸುಗೆ ಹಾಕ್ಲಾ?

ಹಾರಂಗಿ_ಟಕ್ಸ್:
ಬೇಡ, ಸೆಲ್‌ಗೆ ನೇರ ಕಾವು ತಾಗಿದರೆ ಒಡೀಬಹುದು. ವೈರ್ ಮತ್ತು ಕನೆಕ್ಟರ್ ಸಮೇತ ಬರೋ ಸಿಆರ್2032 ಸಿಗ್ತದೆ, ಹಳೇದನ್ನು ಒಯ್ದು ಹೋಲಿಸಿ ತನ್ನಿ. ಕೆಂಪು–ಕಪ್ಪು ವೈರ್ ಕನೆಕ್ಟರ್‌ನ ಯಾವ ಬದಿಗಿದೆ ಅನ್ನೋದೂ ಒಂದೇ ಇರಬೇಕು, ಕೆಲವದರಲ್ಲಿ ತಿರುಗಾ ಮುರುಗಾ ಇರ್ತದೆ. ಹಾಕುವ ಮೊದಲು ಚಾರ್ಜರ್, ಮೇನ್ ಬ್ಯಾಟರಿ ಎರಡೂ ಬಿಚ್ಚಿ, ಪವರ್ ಬಟನ್ 15 ಸೆಕೆಂಡ್ ಒತ್ತಿ ಹಿಡೀರಿ. ಪಿನ್ ಮೇಲೆ ಥಂಡಿಗೆ ಹಸಿರು ಕಟ್ಟಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಬ್ರಷ್ ಅದ್ದಿ ಒರೆಸಿ, ಒಣಗಿದ ಮೇಲೆ ಸಿಕ್ಕಿಸಿ.